ಗಡ್ಡೆ ತನ್ನದೇ ರಕ್ತನಾಳ ಕಟ್ಟಿಕೊಂಡಾಗ

ಲಿವರ್ ಕ್ಯಾನ್ಸರ್ ಕುರಿತು ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಇಟ್ಟುಕೊಂಡು ಉತ್ತರಿಸುತ್ತಿದ್ದೇನೆ. ಕೇಳಿರುವುದು ಬೇರೆ ಬೇರೆ ಸಂಗತಿಯಾದರೂ ಹೆಚ್ಚಿನ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ಲಿವರಿನೊಳಗೆ ಗಂಟು ಬೆಳೆಯುತ್ತ ಹೋದಂತೆ ಅದಕ್ಕೆ ರಕ್ತ ಬರುವ ದಾರಿಯೇ ಬದಲಾಗುತ್ತದೆ. ಅದು ಅರ್ಥವಾದರೆ ಸ್ಕ್ಯಾನಿಂಗ್ ವರದಿಯೂ ಅರ್ಥವಾಗುತ್ತದೆ. ವೈದ್ಯರು ಒಬ್ಬರಿಗೆ ಆಪರೇಷನ್, ಇನ್ನೊಬ್ಬರಿಗೆ ಮಾತ್ರೆ, ಮತ್ತೊಬ್ಬರಿಗೆ ‘ಮೂರು ತಿಂಗಳು ಬಿಟ್ಟು ಬನ್ನಿ’ ಎನ್ನುವುದು ಯಾಕೆಂದೂ ತಿಳಿಯುತ್ತದೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಎಣ್ಣೆ ಮಿಲ್ಲಿನಲ್ಲಿ ದುಡಿದವರು. ಹಿಂದೊಮ್ಮೆ ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಗಿತ್ತು. ಆರೋಗ್ಯವಾಗಿಯೇ ಇದ್ದಾರಲ್ಲ ಎಂದು ಸುಮ್ಮನಾದೆವು. ಈಗ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಸಿರೋಸಿಸ್ ಜೊತೆಗೆ 2.4 ಸೆಂ.ಮೀ. ಗಂಟು ಕಂಡಿದೆ. ಸಿ.ಟಿ. ವರದಿಯಲ್ಲಿ ‘ಆರ್ಟೀರಿಯಲ್ ಫೇಸ್‌ನಲ್ಲಿ ಹೊಳಪು, ಆಮೇಲೆ ವಾಷ್‌ಔಟ್’ ಎಂದು ಬರೆದಿದ್ದಾರೆ. ಸೂಜಿ ಹಾಕಿ ತುಣುಕು ತೆಗೆಯದೆಯೇ ಡಾಕ್ಟರು ಇದು ಕ್ಯಾನ್ಸರ್ ಎಂದುಬಿಟ್ಟರು. ಮನೆಯಲ್ಲಿ ಯಾರೂ ನಂಬುತ್ತಿಲ್ಲ. ಬಯಾಪ್ಸಿ ಇಲ್ಲದೆ ಹೇಗೆ ಹೇಳುತ್ತಾರೆ?
— ಚಳ್ಳಕೆರೆ

ಉತ್ತರ: ಮನೆಯವರ ಅನುಮಾನ ಸಹಜವೇ. ಬೇರೆ ಕ್ಯಾನ್ಸರ್‌ಗಳನ್ನು ತುಣುಕು ಪರೀಕ್ಷೆ ಮಾಡದೆ ಖಚಿತಪಡಿಸುವುದು ತೀರ ಅಪರೂಪ. ಲಿವರಿನಲ್ಲೇ ಹುಟ್ಟುವ ಹೆಪಟೊಸೆಲ್ಯುಲರ್ ಕಾರ್ಸಿನೋಮಕ್ಕೆ ಈ ವಿನಾಯಿತಿ ಸಿಕ್ಕಿರುವುದು ಅದರ ರಕ್ತನಾಳಗಳ ಕಾರಣದಿಂದ.

ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಬರುವುದು ಕರುಳು ಮತ್ತು ಗುಲ್ಮದಿಂದ ಹೊರಡುವ ಪೋರ್ಟಲ್ ರಕ್ತನಾಳದಲ್ಲಿ. ಉಂಡ ಅನ್ನದ ಸಾರವೆಲ್ಲ ಮೊದಲು ಲಿವರಿಗೆ ಸೇರುವುದು ಇದೇ ದಾರಿಯಲ್ಲಿ. ಉಳಿದ ಕಾಲು ಪಾಲು ಬರುವುದು ಹೆಪಾಟಿಕ್ ಅಪಧಮನಿಯಿಂದ, ಅಂದರೆ ಹೃದಯ ಒತ್ತಿ ಕಳಿಸುವ ಆಮ್ಲಜನಕ ತುಂಬಿದ ರಕ್ತ. ಈ ಎರಡೂ ರಕ್ತ ಲಿವರಿನ ಸೂಕ್ಷ್ಮ ನಾಳಗಳಲ್ಲಿ ಬೆರೆಯುತ್ತವೆ. ಆ ನಾಳಗಳ ಗೋಡೆಯಲ್ಲಿ ಜರಡಿಯಂಥ ಸಣ್ಣ ಸಣ್ಣ ರಂಧ್ರಗಳಿದ್ದು, ಪೋಷಕಾಂಶಗಳು ಅವುಗಳ ಮೂಲಕ ಲಿವರಿನ ಜೀವಕೋಶಗಳಿಗೆ ಇಳಿಯುತ್ತವೆ.

ಸಿರೋಸಿಸ್‌ನಲ್ಲಿ ಲಿವರ್ ಗಾಯಗೊಂಡು, ಮಾಗಿ, ಮತ್ತೆ ಗಾಯಗೊಂಡು ಗಂಟುಗಂಟಾಗುತ್ತದೆ. ಅದರಲ್ಲಿ ಬಹುಪಾಲು ಗಂಟುಗಳು ನಿರುಪದ್ರವಿ. ಅವುಗಳಿಗೆ ರಕ್ತ ಎಂದಿನ ದಾರಿಯಲ್ಲೇ ಬರುತ್ತಿರುತ್ತದೆ. ಕೆಲವು ಗಂಟುಗಳ ಜೀವಕೋಶಗಳು ಮಾತ್ರ ದಾರಿ ತಪ್ಪುತ್ತವೆ. ಅಂಥ ಗಂಟಿನೊಳಗೆ ಪೋರ್ಟಲ್ ನಾಳದ ಕವಲುಗಳು ಒಂದೊಂದಾಗಿ ಮಾಯವಾಗುತ್ತವೆ, ಮೊದಲಿದ್ದ ಸಹಜ ಅಪಧಮನಿಗಳೂ ಕಡಿಮೆಯಾಗುತ್ತವೆ. ಒಳಗೆ ಆಮ್ಲಜನಕ ಸಾಲದಾದಾಗ ಆ ಕೋಶಗಳು ವಿ.ಇ.ಜಿ.ಎಫ್. ಎಂಬ ಪ್ರೋಟೀನನ್ನು ಹೊರಬಿಟ್ಟು ಹೊಸ ಅಪಧಮನಿಗಳನ್ನು ಚಿಗುರಿಸಿಕೊಳ್ಳುತ್ತವೆ. ಆರೋಗ್ಯವಂತ ಲಿವರಿನಲ್ಲಿ ಅಪಧಮನಿಯ ಪಕ್ಕದಲ್ಲಿ ಪಿತ್ತನಾಳವೂ ಪೋರ್ಟಲ್ ಕವಲೂ ಜೊತೆಯಾಗಿಯೇ ಸಾಗುತ್ತವೆ. ಈ ಹೊಸ ನಾಳಗಳಿಗೆ ಜೊತೆ ಇರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಅಂಥ ಒಂಟಿ ಅಪಧಮನಿಗಳು ಕಂಡರೆ ರೋಗಶಾಸ್ತ್ರಜ್ಞರು ಎಚ್ಚರಗೊಳ್ಳುತ್ತಾರೆ. ಸೂಕ್ಷ್ಮ ನಾಳಗಳ ಗೋಡೆಯಲ್ಲಿದ್ದ ರಂಧ್ರಗಳೂ ಮುಚ್ಚಿಕೊಳ್ಳುತ್ತವೆ. ಕೊನೆಗೆ, ಪೂರ್ತಿ ಬೆಳೆದ ಕ್ಯಾನ್ಸರ್ ಗಡ್ಡೆಗೆ ಪೋರ್ಟಲ್ ರಕ್ತ ಬಹುತೇಕ ನಿಂತುಹೋಗಿ ಎಲ್ಲವೂ ಅಪಧಮನಿಯಿಂದಲೇ ಬರತೊಡಗುತ್ತದೆ. ಸುತ್ತಲಿನ ಹೊಲವೆಲ್ಲ ಕಾಲುವೆ ನೀರಿನಲ್ಲಿ ಬೆಳೆಯುತ್ತಿರುವಾಗ, ನಡುವೆ ಒಂದು ತುಂಡು ಜಮೀನು ಕಾಲುವೆಯ ತೂಬು ಮುಚ್ಚಿ ತನ್ನದೇ ಬೋರ್‌ವೆಲ್ ಕೊರೆಸಿಕೊಂಡಂತೆ ಎಂದರೆ ನಿಮಗೆ ಚಿತ್ರ ಸಿಗಬಹುದು.

ಈಗ ಸಿ.ಟಿ.ಗೆ ಬರೋಣ. ತೋಳಿನ ನರಕ್ಕೆ ಡೈ ಕೊಟ್ಟು ಒಂದೇ ಜಾಗದ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಸುಮಾರು 35 ಸೆಕೆಂಡಿನಲ್ಲಿ ಡೈ ಅಪಧಮನಿಯಲ್ಲಿ ತುಂಬಿರುತ್ತದೆ, ಪೋರ್ಟಲ್ ದಾರಿಯಲ್ಲಿ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಆಗ ಲಿವರೆಲ್ಲ ಮಂಕು ಬೂದು. ಗಡ್ಡೆ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಸುಮಾರು 70 ಸೆಕೆಂಡಿಗೆ ಕರುಳಿನ ಕಡೆಯಿಂದ ಡೈ ಬಂದು ಉಳಿದ ಲಿವರ್ ಬೆಳಗುತ್ತದೆ. ಅಷ್ಟರಲ್ಲಿ ಗಡ್ಡೆಯೊಳಗಿನ ಡೈ ಹರಿದು ಹೋಗಿರುತ್ತದೆ, ಹೊಸದಾಗಿ ಪೋರ್ಟಲ್ ರಕ್ತ ಬರುವ ಹಾಗಿಲ್ಲ. ಹಾಗಾಗಿ ಮೊದಲು ಬೆಳ್ಳಗಿದ್ದ ಅದೇ ಚುಕ್ಕೆ ಈಗ ಕಪ್ಪಗೆ ಕಾಣುತ್ತದೆ. ಮೂರು ನಿಮಿಷ ಕಳೆದು ತೆಗೆದ ಚಿತ್ರದಲ್ಲಿ ಕೆಲವೊಮ್ಮೆ ಅದರ ಸುತ್ತ ತೆಳ್ಳನೆಯ ಬಿಳಿ ಅಂಚು ಮೂಡುತ್ತದೆ. ವರದಿಯಲ್ಲಿರುವ ಆ ಎರಡು ಶಬ್ದಗಳು ಹೇಳುವುದು ಇದನ್ನೇ. ಸಿರೋಸಿಸ್ ಅಥವಾ ಹೆಪಟೈಟಿಸ್ ಬಿ ಇರುವವರಲ್ಲಿ 2 ಸೆಂ.ಮೀ. ದಾಟಿದ ಗಂಟು ಹೀಗೆ ಬೆಳಗಿ ಹೀಗೆ ಮಂಕಾದರೆ ಅದು ಈ ಕ್ಯಾನ್ಸರೇ ಆಗಿರುವ ಸಾಧ್ಯತೆ ನೂರಕ್ಕೆ 95ಕ್ಕಿಂತ ಹೆಚ್ಚು. ಸೂಜಿ ಹಾಕಿದರೆ ಸಿರೋಸಿಸ್ ರೋಗಿಗೆ ರಕ್ತಸ್ರಾವದ ಅಪಾಯವಿದೆ, ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶ ಹರಡುವ ಸಣ್ಣ ಅಪಾಯವೂ ಇದೆ. ನಿಮ್ಮ ವೈದ್ಯರು ಹೇಳಿದ್ದು ಸರಿ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಇನ್ನೊಂದಿದೆ. ಒಂದೇ ಗಡ್ಡೆ, ಅದೂ 3 ಸೆಂ.ಮೀ. ಒಳಗೆ ಇರುವಾಗ ಸಿಕ್ಕಿದೆ. ಕತ್ತರಿಸಿ ತೆಗೆಯುವುದು, ಸೂಜಿಯ ತುದಿಯ ಬಿಸಿಯಿಂದ ಸುಡುವುದು, ಲಿವರ್ ಕಸಿ ಈ ಮೂರೂ ಪೂರ್ತಿ ಗುಣಪಡಿಸಬಲ್ಲ ಚಿಕಿತ್ಸೆಗಳು. ಯಾವುದು ಎಂಬುದನ್ನು ಉಳಿದ ಲಿವರಿನ ಶಕ್ತಿ ನೋಡಿ ತೀರ್ಮಾನಿಸುತ್ತಾರೆ. ನಂಬುವುದೋ ಬಿಡುವುದೋ ಎಂಬ ಚರ್ಚೆಯಲ್ಲಿ ತಿಂಗಳುಗಳನ್ನು ಕಳೆಯಬೇಡಿ. ಬೆಂಗಳೂರಿನ ಕಿದ್ವಾಯಿಗೆ ಹೋಗಲಿ, ಬೇರೆ ಕಡೆ ಹೋಗಲಿ, ಫಿಲ್ಮ್ ಜೊತೆಗೆ ಸಿ.ಟಿ.ಯ ಸಿ.ಡಿ.ಯನ್ನೂ ಒಯ್ಯಿರಿ, ಮೂರೂ ಹಂತದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರೇ ಸರಿಯಾಗಿ ತಿಳಿಯುವುದು. ಹೆಪಟೈಟಿಸ್ ಬಿ ವೈರಸ್ಸಿಗೆ ಮಾತ್ರೆ ಶುರುವಾಗಿದೆಯೇ ಎಂದು ಕೇಳಿ. ತಾಯಿಯವರನ್ನೂ ನಿಮ್ಮ ಒಡಹುಟ್ಟಿದವರನ್ನೂ ಸೇರಿಸಿ ಮನೆಯವರೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಟ್ಟು ಎರಡು ವರ್ಷವಾಯಿತು. ಸಿರೋಸಿಸ್ ಇದೆ. ಎಂ.ಆರ್.ಐ.ನಲ್ಲಿ 14 ಮಿ.ಮೀ. ಗಂಟು ಇದೆ ಎಂದರು. ಆದರೆ ‘ಹೊಳಪಿಲ್ಲ, ಡಿಸ್‌ಪ್ಲಾಸ್ಟಿಕ್ ಇರಬಹುದು’ ಎಂದು ಬರೆದು ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ಅಲ್ಲಿಯವರೆಗೆ ಅದು ಬೆಳೆದುಬಿಟ್ಟರೆ? ಈಗಲೇ ತೆಗೆಸಿಬಿಡಬಾರದೆ?
— ಮೊಳಕಾಲ್ಮೂರು

ಉತ್ತರ: ತಾಯಿ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಬದಲಾವಣೆ ಒಂದೇ ದಿನ ಆಗುವಂಥದ್ದಲ್ಲ. ಸಾಮಾನ್ಯ ಗಂಟು, ಆಮೇಲೆ ಸ್ವಲ್ಪ ಕೆಟ್ಟ ಕೋಶಗಳ ಗಂಟು, ಆಮೇಲೆ ಹೆಚ್ಚು ಕೆಟ್ಟದ್ದು (ವರದಿಯ ‘ಡಿಸ್‌ಪ್ಲಾಸ್ಟಿಕ್’ ಎಂದರೆ ಈ ಎರಡು ಮೆಟ್ಟಿಲುಗಳು), ಆಮೇಲೆ ಎಳೆಯ ಕ್ಯಾನ್ಸರ್, ಕೊನೆಗೆ ಬಲಿತ ಕ್ಯಾನ್ಸರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಎಲ್ಲ ಗಂಟುಗಳೂ ಕೊನೆಯವರೆಗೆ ಹೋಗುವುದಿಲ್ಲ. ಎಷ್ಟೋ ಗಂಟುಗಳು ಇದ್ದಲ್ಲೇ ಇರುತ್ತವೆ, ಕೆಲವು ಮುಂದಿನ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಅದಕ್ಕಾಗಿಯೇ ವೈದ್ಯರು ಮತ್ತೆ ಬರಲು ಹೇಳಿರುವುದು. ನಡುವಿನ ಮೆಟ್ಟಿಲುಗಳಲ್ಲಿ ಹಳೆಯ ರಕ್ತನಾಳಗಳು ಕಡಿಮೆಯಾಗಿರುತ್ತವೆ, ಹೊಸ ಅಪಧಮನಿಗಳು ಇನ್ನೂ ಸಾಕಷ್ಟು ಬೆಳೆದಿರುವುದಿಲ್ಲ. ಆ ಹೊತ್ತಿನಲ್ಲಿ ಗಂಟು ಸುತ್ತಲಿನ ಲಿವರಿಗಿಂತ ಬಡ ರಕ್ತದ್ದು. ಡೈ ಕೊಟ್ಟರೂ ಹೊಳೆಯುವುದಿಲ್ಲ. ಹಾಗಾಗಿ ‘ಹೊಳಪಿಲ್ಲ’ ಎಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲವೇ ಅಲ್ಲ ಎಂದು ಅರ್ಥವಲ್ಲ, 2 ಸೆಂ.ಮೀ.ಗಿಂತ ಚಿಕ್ಕದಾದ ಎಳೆಯ ಕ್ಯಾನ್ಸರ್ ಕೂಡ ಹೀಗೆ ಮಂಕಾಗಿಯೇ ಇರಬಹುದು. ಮೂರು ತಿಂಗಳ ನಂತರ ನೋಡುವುದು ಎರಡು ಸಂಗತಿ: ಅಳತೆ ಹೆಚ್ಚಿದೆಯೇ, ಅಪಧಮನಿಯ ಹೊಳಪು ಬಂದಿದೆಯೇ. ಒಂದೊಂದು ಸಲ ಮಂಕು ಗಂಟಿನ ನಡುವೆ ಒಂದು ಸಣ್ಣ ಬೆಳಕಿನ ಚುಕ್ಕೆ ಹುಟ್ಟುತ್ತದೆ, ಗಂಟಿನೊಳಗೆ ಇನ್ನೊಂದು ಗಂಟು ಎದ್ದಂತೆ. ಅದು ಕಂಡ ದಿನ ಕಾಯುವ ಮಾತು ಮುಗಿಯಿತು.

ನಿರುಪದ್ರವಿ ಇರಬಹುದಾದ ಗಂಟಿಗಾಗಿ ಸಿರೋಸಿಸ್ ಆದ ಲಿವರನ್ನು ಕುಯ್ದರೆ ಆಗುವ ಹಾನಿಯೇ ಹೆಚ್ಚು. ಮೂರು ತಿಂಗಳು ಎಂದರೆ ಮೂರೇ ತಿಂಗಳು. ಮದುವೆ, ಜಾತ್ರೆ, ಮಗ್ಗದ ಮೇಲಿನ ಸೀರೆ ಎಂದು ಆರಕ್ಕೆ ಎಳೆಯಬೇಡಿ. ಸಾಧ್ಯವಾದರೆ ಅದೇ ಕೇಂದ್ರದಲ್ಲಿ, ಅದೇ ಬಗೆಯ ಎಂ.ಆರ್.ಐ. ಮಾಡಿಸಿ, ಹಳೆಯದನ್ನು ಪಕ್ಕದಲ್ಲಿ ಇಟ್ಟು ಹೋಲಿಸಲು ಕೇಳಿ. ಈ ಗಂಟು ಏನೇ ಆಗಲಿ, ಯಜಮಾನರಿಗೆ ಪ್ರತಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎ.ಎಫ್.ಪಿ. ರಕ್ತ ಪರೀಕ್ಷೆ ಜೀವನಪೂರ್ತಿ ಬೇಕು. ಕುಡಿತ ಬಿಟ್ಟಿದ್ದು ದೊಡ್ಡ ಕೆಲಸ. ಅವರಿಗೆ ನನ್ನ ಮೆಚ್ಚುಗೆ ತಿಳಿಸಿ.

ಪ್ರಶ್ನೆ: ನನಗೆ 34 ವರ್ಷ. ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರಿನಲ್ಲಿ 3 ಸೆಂ.ಮೀ. ಹೆಮಾಂಜಿಯೋಮ ಇದೆ, ಅದು ರಕ್ತನಾಳದ ಗಡ್ಡೆ ಎಂದರು. ನಿದ್ದೆ ಬರುತ್ತಿಲ್ಲ. ಇದೇ ಮುಂದೆ ಕ್ಯಾನ್ಸರ್ ಆಗುತ್ತದೆಯೇ?
— ನಾಯಕನಹಟ್ಟಿ

ಉತ್ತರ: ಆಗುವುದಿಲ್ಲ. ಇದು ರಕ್ತನಾಳಗಳೇ ಸುರುಳಿ ಸುತ್ತಿ ಗುಂಪುಗೂಡಿದ ಸಾಧು ಗಡ್ಡೆ, ಲಿವರಿನ ಗಡ್ಡೆಗಳಲ್ಲೆಲ್ಲ ಅತಿ ಸಾಮಾನ್ಯವಾದದ್ದು, ಹೆಂಗಸರಲ್ಲಿ ಹೆಚ್ಚು. ಡೈ ಕೊಟ್ಟಾಗ ಕ್ಯಾನ್ಸರ್ ಗಡ್ಡೆ ಬೇಗ ಬೆಳಗಿ ಬೇಗ ಮಂಕಾದರೆ, ಇದು ಅಂಚಿನಿಂದ ಶುರುವಾಗಿ ನಿಧಾನವಾಗಿ ಒಳಗೆ ತುಂಬಿಕೊಳ್ಳುತ್ತದೆ, ಡೈಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನಿಮಗೆ ಸಿರೋಸಿಸ್, ಹೆಪಟೈಟಿಸ್ ಇಲ್ಲವೆಂದೂ ಹಿಂದೆ ಬೇರೆ ಕ್ಯಾನ್ಸರ್ ಆಗಿಲ್ಲವೆಂದೂ ಖಚಿತವಿದ್ದರೆ ಇದಕ್ಕೆ ಚಿಕಿತ್ಸೆಯೇ ಬೇಡ. ಹೊಟ್ಟೆನೋವಿಗೆ ಬೇರೆ ಕಾರಣ ಹುಡುಕಿಸಿ. ನಿದ್ದೆ ಮಾಡಿ.

ಪ್ರಶ್ನೆ: ನಮ್ಮಣ್ಣನಿಗೆ ಲಿವರಿನಲ್ಲಿ ನಾಲ್ಕು ಗಡ್ಡೆಗಳಿವೆ. ಆಪರೇಷನ್ ಆಗುವುದಿಲ್ಲ, ‘ಟೇಸ್’ ಮಾಡುತ್ತೇವೆ, ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುತ್ತೇವೆ ಎಂದಿದ್ದಾರೆ. ಲಿವರಿಗೆ ರಕ್ತ ನಿಂತರೆ ಲಿವರೇ ಸಾಯುವುದಿಲ್ಲವೇ? ನಮ್ಮ ಊರಲ್ಲೇ ಇನ್ನೊಬ್ಬರಿಗೆ ಇದೇ ಕಾಯಿಲೆ, ಅವರಿಗೆ ಮಾತ್ರ ಇದನ್ನು ಮಾಡಲ್ಲ ಅಂದರಂತೆ. ಯಾಕೆ ಈ ಭೇದ?
— ಪರಶುರಾಂಪುರ

ಉತ್ತರ: ಎರಡೂ ಒಳ್ಳೆಯ ಪ್ರಶ್ನೆಗಳು, ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ಗಡ್ಡೆ ಬದುಕುವುದು ಅಪಧಮನಿಯ ರಕ್ತದಿಂದ, ಉಳಿದ ಲಿವರ್ ಬದುಕುವುದು ಹೆಚ್ಚಾಗಿ ಪೋರ್ಟಲ್ ರಕ್ತದಿಂದ. ಈ ವ್ಯತ್ಯಾಸವನ್ನು 1954ರಲ್ಲೇ ಬ್ರೀಡಿಸ್ ಮತ್ತು ಯಂಗ್ ಎಂಬ ಸಂಶೋಧಕರು ತೋರಿಸಿದ್ದರು. ಅದನ್ನು ಚಿಕಿತ್ಸೆಯ ಮಾರ್ಗವಾಗಿ ಬೆಳೆಸಿದ್ದು ಮುಖ್ಯವಾಗಿ ಜಪಾನಿನ ವೈದ್ಯರು, 1970ರ ದಶಕದ ಕೊನೆಯಿಂದ.

ಮಾಡುವ ಬಗೆ ಹೀಗೆ. ತೊಡೆಯ ಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯಿಂದ ತೆಳ್ಳನೆಯ ನಳಿಗೆಯನ್ನು ಒಳಗೆ ಬಿಟ್ಟು, ಎಕ್ಸ್‌ರೇ ಪರದೆ ನೋಡುತ್ತ ಲಿವರಿನ ಅಪಧಮನಿಯವರೆಗೆ ಒಯ್ಯುತ್ತಾರೆ. ಅಲ್ಲಿ ಸ್ವಲ್ಪ ಡೈ ಬಿಟ್ಟರೆ ಪರದೆಯ ಮೇಲೆ ಆರೋಗ್ಯವಂತ ಕವಲುಗಳು ನೆಟ್ಟಗೆ ಕವಲೊಡೆಯುತ್ತ ಸಣ್ಣದಾಗಿ ಹೋಗುವುದು ಕಾಣುತ್ತದೆ. ಗಡ್ಡೆಯ ನಾಳಗಳು ಹಾಗಲ್ಲ. ದಪ್ಪ, ತೆಳು, ಮತ್ತೆ ದಪ್ಪ. ಸುತ್ತಿಕೊಂಡು, ತಿರುಚಿಕೊಂಡು, ಕೊನೆಗೆ ಮಸಿ ಚೆಲ್ಲಿದಂಥ ಒಂದು ಕಲೆಯಾಗಿ ಹರಡುತ್ತವೆ. ನಳಿಗೆಯ ತುದಿಯನ್ನು ಆ ಕಲೆಗೆ ಹೋಗುವ ಸಣ್ಣ ಕವಲಿನೊಳಗೇ ತೂರಿಸಿ, ಕ್ಯಾನ್ಸರ್ ಔಷಧವನ್ನು ಎಣ್ಣೆಯಂಥ ದ್ರವದಲ್ಲಿ ಬೆರೆಸಿ ಬಿಡುತ್ತಾರೆ, ಆಮೇಲೆ ಸೂಕ್ಷ್ಮ ಕಣಗಳಿಂದ ಆ ಕವಲನ್ನು ಮುಚ್ಚುತ್ತಾರೆ. ಗಡ್ಡೆಗೆ ಔಷಧವೂ ಸಿಕ್ಕಿತು, ರಕ್ತವೂ ನಿಂತಿತು. ಸುತ್ತಲಿನ ಲಿವರಿಗೆ ಪೋರ್ಟಲ್ ರಕ್ತ ಬರುತ್ತಲೇ ಇರುತ್ತದೆ.

ಇನ್ನು ಆ ಇನ್ನೊಬ್ಬರ ವಿಷಯ. ಅವರ ವರದಿಗಳು ನನ್ನ ಮುಂದಿಲ್ಲ. ಆದರೆ ಹೀಗೆ ಬೇಡ ಎನ್ನಲು ಸಾಮಾನ್ಯ ಕಾರಣ ಪೋರ್ಟಲ್ ನಾಳವೇ ಮುಚ್ಚಿಹೋಗಿರುವುದು. ಗಡ್ಡೆ ಬೆಳೆದಂತೆ ರಕ್ತ ಒಳಬರುವ ದಾರಿಯ ಜೊತೆಗೆ ಹೊರಹೋಗುವ ದಾರಿಯೂ ಬದಲಾಗುತ್ತದೆ. ಮೊದಲು ಲಿವರಿನ ಹೊರದಾರಿಯ ನಾಳಗಳಿಗೆ ಹೋಗುತ್ತಿದ್ದ ರಕ್ತ, ಬರಬರುತ್ತ ಪಕ್ಕದ ಪೋರ್ಟಲ್ ಕವಲುಗಳಿಗೆ ತಿರುಗುತ್ತದೆ. ಅದರೊಡನೆ ಕ್ಯಾನ್ಸರ್ ಕೋಶಗಳೂ ಅಲ್ಲಿಗೆ ಸೇರುತ್ತವೆ. ಮೂಲ ಗಡ್ಡೆಯ ಸುತ್ತಮುತ್ತ ಮರಿಗಡ್ಡೆಗಳು ಏಳುವುದು, ಗಡ್ಡೆ ಪೋರ್ಟಲ್ ನಾಳದೊಳಗೇ ಬೆಳೆದು ಅದನ್ನು ಕಟ್ಟಿಹಾಕುವುದು ಈ ದಾರಿಯಲ್ಲೇ. ಪೋರ್ಟಲ್ ಮುಖ್ಯ ನಾಳ ಕಟ್ಟಿರುವವರಿಗೆ ಅಪಧಮನಿಯನ್ನೂ ಮುಚ್ಚಿದರೆ ನೀವು ಹೆದರಿದಂತೆಯೇ ಲಿವರ್ ಸಾಯುತ್ತದೆ. ಕಾಮಾಲೆ ಏರಿದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಸಹ ಇದನ್ನು ಮಾಡಲು ಹಿಂಜರಿಯುತ್ತಾರೆ. ಇದರಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ.

ಅಣ್ಣನವರಿಗೆ ಮಾಡಿದ ಮೇಲೆ ಕೆಲವು ದಿನ ಜ್ವರ, ಬಲ ಪಕ್ಕೆಯಲ್ಲಿ ನೋವು, ವಾಕರಿಕೆ ಬರಬಹುದು; ಗಡ್ಡೆ ಕರಗುವಾಗಿನ ಲಕ್ಷಣಗಳು ಅವು. ಜ್ವರ ವಾರ ದಾಟಿದರೆ, ಚಳಿ ನಡುಕ ಬಂದರೆ, ಕಣ್ಣು ಹಳದಿಯಾದರೆ ಫೋನಿನಲ್ಲಿ ಕೇಳುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. 4ರಿಂದ 6 ವಾರಕ್ಕೆ ಮತ್ತೆ ಮೂರು ಹಂತದ ಸಿ.ಟಿ. ತೆಗೆದು ಎಲ್ಲಾದರೂ ಹೊಳಪು ಉಳಿದಿದೆಯೇ ಎಂದು ನೋಡುತ್ತಾರೆ. ಉಳಿದಿದ್ದರೆ ಅಷ್ಟು ಭಾಗ ಇನ್ನೂ ಬದುಕಿದೆ ಎಂದರ್ಥ, ಚಿಕಿತ್ಸೆ ಇನ್ನೊಮ್ಮೆ ಬೇಕಾಗುತ್ತದೆ. ಈ ಸ್ಕ್ಯಾನನ್ನು ‘ಈಗ ಆರಾಮಾಗಿದ್ದಾನಲ್ಲ’ ಎಂದು ಬಿಡುವವರು ಬಹಳ ಮಂದಿ.

ಪ್ರಶ್ನೆ: ನಾನು ರೇಷ್ಮೆ ಸೀರೆ ನೇಯುವವನು. ಲಿವರ್ ಕ್ಯಾನ್ಸರ್ ಪೋರ್ಟಲ್ ನಾಳಕ್ಕೆ ಹೋಗಿದೆ ಎಂದು ಸೊರಾಫೆನಿಬ್ ಮಾತ್ರೆ ಕೊಟ್ಟಿದ್ದಾರೆ. ಮೂರು ವಾರದಿಂದ ಅಂಗೈ ಅಂಗಾಲು ಉರಿ, ಚರ್ಮ ಸುಲಿಯುತ್ತಿದೆ. ಎಳೆ ಹಿಡಿಯೋಕೆ ಆಗುತ್ತಿಲ್ಲ, ಕಾಲುಮಣೆ ತುಳಿಯೋಕೆ ಆಗುತ್ತಿಲ್ಲ. ಮಾತ್ರೆ ನಿಲ್ಲಿಸಲೇ?
— ಮೊಳಕಾಲ್ಮೂರು ತಾಲ್ಲೂಕು

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ಆದರೆ ಸಹಿಸಿಕೊಂಡು ಸುಮ್ಮನಿರಲೂ ಬೇಡಿ. ಈ ವಾರವೇ ಮಾತ್ರೆ ಬರೆದ ವೈದ್ಯರಿಗೆ ಕೈ ಕಾಲು ತೋರಿಸಿ, ನಿಮ್ಮ ಕಸುಬು ಏನೆಂದೂ ಹೇಳಿ. ಪ್ರಮಾಣ ಇಳಿಸುವುದು ಅಥವಾ ಕೆಲವು ದಿನ ಬಿಡುವು ಕೊಟ್ಟು ಮತ್ತೆ ಶುರು ಮಾಡುವುದು ಈ ಚಿಕಿತ್ಸೆಯಲ್ಲಿ ನಿತ್ಯದ ಕ್ರಮ.

ಈ ಮಾತ್ರೆ ಗಡ್ಡೆಯ ಹೊಸ ರಕ್ತನಾಳಗಳು ಬೆಳೆಯಲು ಬೇಕಾದ ಸಂಕೇತವನ್ನು ತಡೆಯುತ್ತದೆ, ಮೇಲೆ ಹೇಳಿದ ವಿ.ಇ.ಜಿ.ಎಫ್. ಕೆಲಸ ಮಾಡುವ ಜಾಗವನ್ನೇ ಹಿಡಿಯುತ್ತದೆ. ಅದೇ ಸಂಕೇತ ಚರ್ಮದ ಸಣ್ಣ ನಾಳಗಳ ದುರಸ್ತಿಗೂ ಬೇಕು. ಹೆಚ್ಚು ಉಜ್ಜುವ, ಹೆಚ್ಚು ಒತ್ತಡ ಬೀಳುವ ಕಡೆ ಚರ್ಮ ಕೆಡುವುದು ಅದಕ್ಕೇ. ಎಳೆ ಎಳೆಯುವ ಬೆರಳು, ಕಾಲುಮಣೆ ತುಳಿಯುವ ಪಾದ ಎಂದರೆ ನಿಮಗೆ ಬೇರೆಯವರಿಗಿಂತ ಹೆಚ್ಚು ತೊಂದರೆ. ಯೂರಿಯಾ ಇರುವ ಮುಲಾಮು ದಿನಕ್ಕೆರಡು ಬಾರಿ ಹಚ್ಚಿ, ಬಿಸಿನೀರಿನಲ್ಲಿ ಕೈ ಅದ್ದಬೇಡಿ, ಮೆತ್ತನೆಯ ಹತ್ತಿ ಕಾಲುಚೀಲ ಹಾಕಿ, ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಕೆರೆಯಬೇಡಿ. ಮೊದಲ ಎರಡು ಮೂರು ತಿಂಗಳು ಕಳೆದರೆ ಹೆಚ್ಚಿನವರಿಗೆ ಇದು ಕಡಿಮೆಯಾಗುತ್ತದೆ. ರಕ್ತದೊತ್ತಡ ಏರಬಹುದು, ಭೇದಿಯಾಗಬಹುದು, ಬಿ.ಪಿ.ಯನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನೋಡಿಸುತ್ತಿರಿ.

ಈ ಮಾತ್ರೆ ಏನು ಮಾಡಬಲ್ಲದು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ರೋಗವನ್ನು ಅದು ಬೇರು ಸಹಿತ ಕೀಳುವುದಿಲ್ಲ, ನಿಧಾನಗೊಳಿಸುತ್ತದೆ. ಅದನ್ನು ಮೊದಲು ಪರೀಕ್ಷಿಸಿದ ದೊಡ್ಡ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಂಡವರ ಮಧ್ಯಮ ಆಯುಸ್ಸು 10.7 ತಿಂಗಳು, ಇಲ್ಲದವರದ್ದು 7.9 ತಿಂಗಳು. ಮಧ್ಯಮ ಎಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು ಎಂದೇ ಅರ್ಥ. ಬೆಲೆಯ ವಿಷಯದಲ್ಲಿ ಒಂದು ಮಾತು ಹೇಳದೆ ಇರಲಾರೆ. ಒಂದು ಕಾಲಕ್ಕೆ ಇದೇ ಮಾತ್ರೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಆಗುತ್ತಿತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಇದೇ ಮಾತ್ರೆ ತಯಾರಿಸಲು ಕಡ್ಡಾಯ ಪರವಾನಗಿ ಕೊಟ್ಟಿತು. ತಿಂಗಳ ಬೆಲೆ 8,880 ರೂಪಾಯಿಗೆ ಇಳಿಯಿತು. ದೇಶದಲ್ಲಿ ಅಂಥ ಪರವಾನಗಿ ಕೊಟ್ಟದ್ದು ಅದೇ ಮೊದಲು. ಸೀರೆ ನೇಯುವವರ ಮನೆಗೂ ಇವತ್ತು ಈ ಔಷಧ ಬಂದಿದೆ ಎಂದರೆ ಅದರ ಹಿಂದೆ ಆ ತೀರ್ಮಾನವಿದೆ.

ಪ್ರಶ್ನೆ: ನಮ್ಮ ಮಾವನವರಿಗೆ ಮಾತ್ರೆ ಬದಲು ಎರಡು ಇಂಜೆಕ್ಷನ್ ಒಳ್ಳೆಯದು ಎಂದರು. ಆದರೆ ಮೊದಲು ಬಾಯಿಂದ ಕೊಳವೆ ಹಾಕಿ ಎಂಡೋಸ್ಕೋಪಿ ಆಗಲೇಬೇಕು ಎನ್ನುತ್ತಾರೆ. ಲಿವರ್ ಕಾಯಿಲೆಗೆ ಅನ್ನನಾಳ ನೋಡುವುದು ಯಾಕೆ?
— ರಾಂಪುರ

ಉತ್ತರ: ಸಿರೋಸಿಸ್‌ನಲ್ಲಿ ಪೋರ್ಟಲ್ ರಕ್ತ ಲಿವರಿನೊಳಗೆ ಸಲೀಸಾಗಿ ಹೋಗಲಾರದೆ ಹಿಂದಕ್ಕೆ ಒತ್ತಿ, ಅನ್ನನಾಳದ ಕೆಳಭಾಗದ ನರಗಳನ್ನು ಉಬ್ಬಿಸುತ್ತದೆ. ಗಡ್ಡೆ ಪೋರ್ಟಲ್ ನಾಳವನ್ನು ಕಟ್ಟಿದ್ದರೆ ಒತ್ತಡ ಇನ್ನೂ ಹೆಚ್ಚು. ಆ ಉಬ್ಬಿದ ನರ ಒಡೆದರೆ ರಕ್ತ ವಾಂತಿಯಾಗಿ ಗಂಟೆಗಳಲ್ಲಿ ಜೀವಕ್ಕೆ ಅಪಾಯ. ನಿಮಗೆ ಹೇಳಿರುವುದು ಬಹುಶಃ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್. ಇವುಗಳಲ್ಲಿ ಎರಡನೆಯದು ವಿ.ಇ.ಜಿ.ಎಫ್.ಅನ್ನೇ ಕಟ್ಟಿಹಾಕುವುದರಿಂದ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಉಬ್ಬಿದ ನರಗಳಿದ್ದರೆ ಮೊದಲು ಅವುಗಳಿಗೆ ಬ್ಯಾಂಡ್ ಹಾಕಿ, ಔಷಧ ಕೊಟ್ಟು ಭದ್ರ ಮಾಡಿಕೊಂಡು ಆಮೇಲೆ ಇಂಜೆಕ್ಷನ್. ಈ ಜೋಡಿ ಸೊರಾಫೆನಿಬ್‌ಗಿಂತ ಮೇಲು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಯುಸ್ಸಿನ ಮುಂದಿನ ಲೆಕ್ಕದಲ್ಲಿ 13.4 ತಿಂಗಳ ಎದುರು 19.2 ತಿಂಗಳು. ಎಂಡೋಸ್ಕೋಪಿ ತಪ್ಪಿಸಿಕೊಳ್ಳಬೇಡಿ. ಖರ್ಚು ಬಹಳ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಯೇ ಮುಂದುವರಿಯಿರಿ. ಜಮೀನು ಮಾರುವ ಮಾತು ಅದಕ್ಕೂ ಮುಂಚೆ ಬೇಡ.

ಪ್ರಶ್ನೆ: ನಮ್ಮದು ಮಳೆಯಾಶ್ರಿತ ಶೇಂಗಾ ಬೇಸಾಯ. ಬೂಷ್ಟು ಹಿಡಿದ ಶೇಂಗಾ ತಿಂದರೆ ಲಿವರ್ ಕ್ಯಾನ್ಸರ್ ಬರುತ್ತದೆ ಎಂದು ಎಲ್ಲೋ ಕೇಳಿದೆ. ನಿಜವೇ? ಹಾಗಾದರೆ ಎಣ್ಣೆಯ ಗತಿ ಏನು?
— ತಳಕು ಹೋಬಳಿ

ಉತ್ತರ: ನಿಜ. ಶೇಂಗಾ ಎಣ್ಣೆಯಿಂದ ಹೆಸರಾದ ತಾಲ್ಲೂಕಿನಿಂದ ಈ ಪ್ರಶ್ನೆ ಬಂದದ್ದು ನನಗೆ ಸಮಾಧಾನ ತಂದಿದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಲಿವರ್ ಕೆಟ್ಟು ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ವಿಷ ಸಿಕ್ಕಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1974ರಲ್ಲಿ ನಮ್ಮದೇ ದೇಶದ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಕಾಮಾಲೆಯಿಂದ ಸತ್ತರು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಈ ವಿಷ ಲಿವರ್ ಕೋಶದ ಒಂದು ಮುಖ್ಯ ಕಾವಲು ಜೀನನ್ನು ಕೆಡಿಸುತ್ತದೆ. ಹೆಪಟೈಟಿಸ್ ಬಿ ಜೊತೆ ಸೇರಿದರಂತೂ ಭಯಂಕರ. ಶಾಂಘೈನಲ್ಲಿ 18 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿದ ಅಧ್ಯಯನದಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ಅಫ್ಲಾಟಾಕ್ಸಿನ್ ಒಂದೇ ಇದ್ದವರಲ್ಲಿ ಸುಮಾರು 3 ಪಟ್ಟು, ವೈರಸ್ ಒಂದೇ ಇದ್ದವರಲ್ಲಿ 7 ಪಟ್ಟು, ಎರಡೂ ಇದ್ದವರಲ್ಲಿ 59 ಪಟ್ಟು ಕಂಡಿತು. ನಮ್ಮಲ್ಲಿ ಈ ಕ್ಯಾನ್ಸರಿಗೆ ದೊಡ್ಡ ಕಾರಣಗಳು ಹೆಪಟೈಟಿಸ್ ಬಿ ಮತ್ತು ಸಿ, ಕುಡಿತ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿದ ಲಿವರ್. ಹಾಗೆಂದು ತಟ್ಟೆಯಲ್ಲಿರುವ ವಿಷವನ್ನು ಕಡೆಗಣಿಸಲಾಗದು.

ನಿಮ್ಮ ಸೀಮೆಗೆ ಇದರಲ್ಲಿ ಒಂದು ವಿಶೇಷ ಕಷ್ಟವಿದೆ. ಈ ಶಿಲೀಂಧ್ರ ಕಾಯಿಗೆ ಹತ್ತುವುದು ಉಗ್ರಾಣದಲ್ಲಿ ಮಾತ್ರವಲ್ಲ, ಮಣ್ಣಿನಲ್ಲಿರುವಾಗಲೇ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಗಿಡದ ರಕ್ಷಣೆ ಕುಂದಿ ಶಿಲೀಂಧ್ರ ಒಳನುಗ್ಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನ ಮಳೆ ನಿಮಗೆ ಗೊತ್ತಿದ್ದದ್ದೇ. ಆ ಹೊತ್ತಿಗೆ ಒಂದು ನೀರು ಕೊಡುವ ಅನುಕೂಲವಿದ್ದರೆ ಕೊಡಿ. ಕಾಯಿ ಹೆಚ್ಚು ಬಲಿತು ನೆಲದಲ್ಲೇ ಉಳಿಯಲು ಬಿಡಬೇಡಿ. ಕಿತ್ತ ಬಳ್ಳಿಯನ್ನು ಕಾಯಿ ಮೇಲೆ ಬರುವಂತೆ ತಿರುಗಿಸಿ ಒಣಗಿಸಿ, ಅಲುಗಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಹಸಿ ಇರುವಾಗ ಬಣವೆ ಹಾಕಬೇಡಿ. ಯಂತ್ರಕ್ಕೆ ಹಾಕುವ ಮುಂಚೆ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ. ಆ ತೇವವೇ ಬೂಷ್ಟಿಗೆ ಸಾಕು. ಜೊಳ್ಳು, ಕಪ್ಪಾದ, ಸುಕ್ಕಾದ, ಹುಳು ಕೊರೆದ ಕಾಳುಗಳಲ್ಲಿ ವಿಷ ಹೆಚ್ಚು. ಒಳ್ಳೆಯ ಕಾಳನ್ನು ಮಂಡಿಗೆ ಹಾಕಿ ಆರಿಸಿ ತೆಗೆದದ್ದನ್ನು ಮನೆಯ ಚಟ್ನಿಪುಡಿಗೆ ಇಟ್ಟುಕೊಳ್ಳುವ ಮನೆಗಳಿವೆ. ಇದನ್ನು ಓದುವ ಪ್ರತಿಯೊಬ್ಬರಿಗೂ ನಾನು ಕೈಮುಗಿದು ಹೇಳುವುದು: ಆ ಕಾಳನ್ನು ಮಕ್ಕಳಿಗೆ ತಿನ್ನಿಸಬೇಡಿ. ಹುರಿದರೆ ವಿಷ ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಎಣ್ಣೆಯ ಮಾತು. ಹಿಂಡಿದಾಗ ಈ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ರಿಫೈನ್ ಮಾಡುವ ಕ್ರಮದಲ್ಲಿ ಎಣ್ಣೆಗೆ ಬಂದ ಅಲ್ಪಸ್ವಲ್ಪವೂ ಹೋಗುತ್ತದೆ. ಗಾಣದ ಎಣ್ಣೆಯಲ್ಲಿ ಒಂದಿಷ್ಟು ಉಳಿಯಬಹುದು. ಗಾಣಕ್ಕೆ ಹಾಕುವ ಕಾಳು ಚೆನ್ನಾಗಿದ್ದರೆ ಆ ಚಿಂತೆ ಇಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಕರೆಯುವ ಹಸು ಎಮ್ಮೆಗೆ ಹಾಕಿದರೆ ವಿಷ ಹಾಲಿನಲ್ಲಿ ಬರುತ್ತದೆ. ಅದೇ ಹಾಲು ನಿಮ್ಮ ಮನೆಗೆ.

ಪ್ರಶ್ನೆ: ನಾನು ಏಳು ತಿಂಗಳ ಬಸುರಿ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ. ನಮ್ಮ ತಾಯಿ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡರು. ಮಗುವಿಗೂ ಇದು ಬರುತ್ತದೆಯೇ?
— ಮೊಳಕಾಲ್ಮೂರು

ಉತ್ತರ: ಬಾರದ ಹಾಗೆ ತಡೆಯಬಹುದು ಮಗಳೇ, ಅದಕ್ಕೆ ಈಗಲೇ ಸರಿಯಾದ ಸಮಯ. ವೈರಸ್ ಪ್ರಮಾಣ ಎಷ್ಟಿದೆ ಎಂಬ ರಕ್ತ ಪರೀಕ್ಷೆ ಈ ವಾರವೇ ಆಗಲಿ. ಹೆಚ್ಚಿದ್ದರೆ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಮೊಳಕಾಲ್ಮೂರಿನವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಎಲ್ಲಿ ಎಂದು ಈಗಲೇ ನಿರ್ಧರಿಸಿ ಅಲ್ಲಿಗೆ ನಿಮ್ಮ ವರದಿ ತೋರಿಸಿಡಿ. ಮಗು ಹುಟ್ಟಿದ 24 ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಕೆಲವೇ ಗಂಟೆಗಳಲ್ಲಿ, ಎರಡು ಚುಚ್ಚುಮದ್ದು ಬೇಕು: ಒಂದು ಹೆಪಟೈಟಿಸ್ ಬಿ ಲಸಿಕೆ, ಇನ್ನೊಂದು ಇಮ್ಯುನೊಗ್ಲೋಬ್ಯುಲಿನ್. ಎರಡನೆಯದು ಎಲ್ಲ ಕಡೆ ಸಿದ್ಧವಾಗಿ ಇರುವುದಿಲ್ಲ, ಹಾಗಾಗಿ ಹೆರಿಗೆಗೆ ಮುಂಚೆಯೇ ತರಿಸಿಡಲು ಹೇಳಿ. ಆಮೇಲೆ 6, 10, 14 ವಾರಕ್ಕೆ ಕೊಡುವ ಲಸಿಕೆಗಳಲ್ಲಿ ಒಂದೂ ತಪ್ಪಬಾರದು. ತೈವಾನ್ 1984ರಲ್ಲಿ ಹಸುಗೂಸುಗಳಿಗೆ ಈ ಲಸಿಕೆ ಶುರು ಮಾಡಿದ ಮೇಲೆ ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಎದೆಹಾಲು ಧಾರಾಳವಾಗಿ ಕುಡಿಸಿ, ಅದರಿಂದ ಅಪಾಯವಿಲ್ಲ. ಮಗುವಿಗೆ 9ರಿಂದ 12 ತಿಂಗಳಾದಾಗ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ರಕ್ಷಣೆ ಬಂದಿದೆಯೇ ನೋಡಿ. ನಿಮ್ಮ ತಾಯಿಗೆ ಈ ಕ್ಯಾನ್ಸರ್ ಆಗಿತ್ತು ಎಂಬುದನ್ನು ನಿಮ್ಮ ವೈದ್ಯರಿಗೆ ತಪ್ಪದೆ ಹೇಳಿ. ಅಂಥ ಕುಟುಂಬದವರು ಎಂಬ ಕಾರಣಕ್ಕೆ, ಬಾಣಂತನ ಮುಗಿದ ಮೇಲೆ ನಿಮಗೂ ಆರು ತಿಂಗಳಿಗೊಮ್ಮೆ ಲಿವರಿನ ಅಲ್ಟ್ರಾಸೌಂಡ್ ಶುರುವಾಗಬೇಕು.